15 ಸಾವಿರದೊಳಗೆ ಮನೆಗೊಂದು ಮೈಟರ್ ಸಾ: ಅಂಗಡಿಯಲ್ಲಿ ಏನು ನೋಡಬೇಕು?

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯ ನವನಗರದಲ್ಲಿ. ನಾನು ಶಾಲಾ ಶಿಕ್ಷಕಿ. ಮಾಳಿಗೆ ಮೇಲೆ ಒಂದು ಖೋಲಿ ಖಾಲಿ ಇದೆ. ಅಲ್ಲಿ ರಜೆ ದಿನ ಕಟ್ಟಿಗೆ ಕೆಲಸ ಮಾಡುವ ಆಸೆ. ಫೋಟೊ ಫ್ರೇಮ್, ಕಿಟಕಿಗೆ ಸೊಳ್ಳೆ ಜಾಳಿಗೆಯ ಚೌಕಟ್ಟು, ಹೂಕುಂಡದ ಸ್ಟ್ಯಾಂಡ್, ಆಮೇಲೆ ಪ್ಲೈವುಡ್‌ನಲ್ಲಿ ಪುಸ್ತಕದ ಕಪಾಟು ಮಾಡಬೇಕು ಅಂತಿದ್ದೇನೆ. 15 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಒಂದು ಅಂಗಡಿಯವರು 10 ಇಂಚಿನ ಮೈಟರ್ ಸಾ (ಪಟ್ಟಿಯನ್ನು ಬೇಕಾದ ಕೋನದಲ್ಲಿ ಅಡ್ಡಲಾಗಿ ಕತ್ತರಿಸುವ ಕರೆಂಟಿನ ಗರಗಸ) ತೋರಿಸಿದರು. ಇನ್ನೊಬ್ಬರು ಸ್ಲೈಡಿಂಗ್, ಅಂದರೆ ಬ್ಲೇಡಿನ ತಲೆ ಹಿಂದೆ ಮುಂದೆ ಸರಿಯುವಂಥದ್ದು, ಇರೋದೇ ಒಳ್ಳೇದು ಅಂದರು. ಮತ್ತೊಬ್ಬರು 14 ಇಂಚಿನ ಚಾಪ್ ಸಾ ತಗೊಳ್ಳಿ, ಬ್ಲೇಡ್ ಬದಲಿಸಿದರೆ ಕಬ್ಬಿಣವೂ ಆಗುತ್ತೆ, ಕಟ್ಟಿಗೆಯೂ ಆಗುತ್ತೆ ಅಂದರು. ಯಾವುದು ಸರಿ?

ಉತ್ತರ: ಅಕ್ಕಾವರೇ, ಮೊದಲು ಆ 14 ಇಂಚಿನ ಯಂತ್ರದ ಮಾತು ಮುಗಿಸಿಬಿಡೋಣ. ಅದನ್ನು ತರಬೇಡಿ. ಗ್ರಿಲ್, ಗೇಟ್ ಮಾಡುವ ಅಂಗಡಿ ಮುಂದೆ ಕಿಡಿ ಹಾರಿಸುತ್ತ ಚೌಕ ಪೈಪು ಕತ್ತರಿಸುತ್ತಾರಲ್ಲ, ಆ ಯಂತ್ರ ಅದು. ಅದರಲ್ಲಿರೋದು ಹಲ್ಲಿನ ಬ್ಲೇಡ್ ಅಲ್ಲ, ಉಜ್ಜಿ ಉಜ್ಜಿ ಕತ್ತರಿಸುವ 355 ಮಿ.ಮೀ. ಚಕ್ರ. ಅದರ ಮುಚ್ಚಳ, ಹಿಡಿತ, ತಳ ಎಲ್ಲ ಆ ಚಕ್ರಕ್ಕೆ ಹೊಂದುವ ಹಾಗೆ ಮಾಡಿದ್ದು. ಅದಕ್ಕೆ ಕಟ್ಟಿಗೆ ಬ್ಲೇಡ್ ಹಾಕಿದರೆ ಬ್ಲೇಡಿನ ಕೆಳಭಾಗ ಬಯಲಿಗೇ ಉಳಿಯುತ್ತದೆ. ಹಲ್ಲು ಕಟ್ಟಿಗೆಯನ್ನು ಕಚ್ಚಿ ಎಳೆದಾಗ ಕೈ ಹೋಗೋದು ಅಲ್ಲಿಗೇ. ಕೋನವೂ ಅದರಲ್ಲಿ ಸರಿಯಾಗಿ ಕೂರೋದಿಲ್ಲ. ಕಬ್ಬಿಣದ ಪೈಪಿನಲ್ಲಿ ಸಂದು ಉಳಿದರೆ ವೆಲ್ಡಿಂಗ್ ತುಂಬಿಕೊಳ್ಳುತ್ತದೆ. ಫೋಟೊ ಫ್ರೇಮಿನಲ್ಲಿ ಹಾಗೆ ತುಂಬೋಕೆ ಆಗೋದಿಲ್ಲ, ಅಲ್ವಾ?

ಇದರ ಉಲ್ಟಾ ಕೂಡ ಮಾಡಬೇಡಿ. ಮೈಟರ್ ಸಾಗೆ ಕಬ್ಬಿಣ ಕತ್ತರಿಸುವ ಚಕ್ರ ಹಾಕಬಾರದು. ಯಂತ್ರದ ಒಳಗೆ, ಚೀಲದೊಳಗೆ ಕಟ್ಟಿಗೆ ಪುಡಿ ಕೂತಿರುತ್ತದೆ. ಕಿಡಿ ಬಿದ್ದರೆ ಅದು ಒಳಗೊಳಗೇ ಹೊಗೆಯಾಡುತ್ತಾ ಇರುತ್ತದೆ, ನೀವು ಖೋಲಿಗೆ ಬೀಗ ಹಾಕಿ ಕೆಳಗೆ ಇಳಿದಿರುತ್ತೀರಿ. ಕಬ್ಬಿಣದ ಕೆಲಸ ಅಪರೂಪಕ್ಕೆ ಬಂದರೆ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತರಿಸಿಕೊಂಡು ಬನ್ನಿ.

ಈಗ ನಿಮ್ಮ ಪಟ್ಟಿಗೆ ಬರೋಣ. ಮೈಟರ್ ಸಾ ಒಂದೇ ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತದೆ. ಉದ್ದನೆಯ ಪಟ್ಟಿಯನ್ನು ಅಡ್ಡಲಾಗಿ, ಬೇಕಾದ ಕೋನದಲ್ಲಿ, ಪ್ರತಿ ಸಲವೂ ಒಂದೇ ಥರ ಕತ್ತರಿಸುತ್ತದೆ. ಫ್ರೇಮು, ಜಾಳಿಗೆ ಚೌಕಟ್ಟು, ಕುಂಡದ ಸ್ಟ್ಯಾಂಡ್, ಬೀಡಿಂಗ್ ಪಟ್ಟಿ ಎಲ್ಲ ಇದರ ಕೆಲಸವೇ. ಪ್ಲೈವುಡ್ ಕಪಾಟು ಮಾತ್ರ ಅಲ್ಲ. 8 ಅಡಿ 4 ಅಡಿಯ ಹಾಳೆಯನ್ನು ಈ ಯಂತ್ರದ ಮೇಲೆ ಇಡೋಕೂ ಆಗೋದಿಲ್ಲ. ಕಟ್ಟಿಗೆಯನ್ನು ಉದ್ದಕ್ಕೆ ಸೀಳೋದೂ ಇದರಲ್ಲಿ ಆಗೋದಿಲ್ಲ, ಪ್ರಯತ್ನ ಕೂಡ ಮಾಡಬಾರದು. ಕಪಾಟಿನ ಅಳತೆ ಬರೆದುಕೊಂಡು ಹೋಗಿ, ದೊಡ್ಡ ಗರಗಸ ಇರುವ ಫರ್ನಿಚರ್ ಕಾರ್ಖಾನೆಯಲ್ಲಿ ಹಲಗೆ ಕತ್ತರಿಸಿಕೊಂಡು ಬನ್ನಿ. ಮುಂದೆ ಪ್ಲೈ ಕೆಲಸವೇ ಜಾಸ್ತಿ ಆಗುತ್ತೆ ಅನಿಸಿದರೆ ಆಗ ಒಂದು ಸರ್ಕ್ಯುಲರ್ ಸಾ, ಅಂದರೆ ಹಾಳೆಯ ಮೇಲೆ ಕೈಯಲ್ಲಿ ಹಿಡಿದು ಓಡಿಸುವ ಗರಗಸ, ನೋಡೋಣ. ಅದಕ್ಕೋಸ್ಕರ ಈಗ ದೊಡ್ಡ ಮೈಟರ್ ಸಾ ಕೊಳ್ಳಬೇಕಿಲ್ಲ.

ಅಳತೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 10 ಇಂಚಿನ ಬ್ಲೇಡ್, ಅಂದರೆ 254 ಅಥವಾ 255 ಮಿ.ಮೀ. ಸ್ಲೈಡ್ ಇಲ್ಲದ ಯಂತ್ರ ನೇರವಾಗಿ ಸುಮಾರು 5 ಇಂಚು ಅಗಲದ ಪಟ್ಟಿ ಕತ್ತರಿಸುತ್ತದೆ. 45 ಡಿಗ್ರಿಗೆ ತಿರುಗಿಸಿದರೆ ಸುಮಾರು ಮೂರೂವರೆ ಇಂಚು. ನಿಮ್ಮ ಫ್ರೇಮಿನ ಪಟ್ಟಿ ಒಂದೂವರೆ ಎರಡು ಇಂಚು, ಜಾಳಿಗೆ ಚೌಕಟ್ಟಿನದು ಎರಡು ಎರಡೂವರೆ. ಧಾರಾಳವಾಗಿ ಸಾಕು. 8 ಇಂಚಿನದು ಕೂಡ ಈ ಕೆಲಸಕ್ಕೆ ಸಾಲುತ್ತದೆ, ಹಗುರ ಬೇರೆ. ಆದರೆ 10 ಇಂಚಿಗೆ ನಮ್ಮ ಕಡೆ ಬ್ಲೇಡ್ ಸುಲಭವಾಗಿ ಸಿಗುತ್ತದೆ, ಅಲ್ಯೂಮಿನಿಯಂ ಬಾಗಿಲು ಕಿಟಕಿ ಮಾಡುವವರೆಲ್ಲ ಅದೇ ಅಳತೆ ಬಳಸುತ್ತಾರೆ. ಅದೊಂದು ಕಾರಣಕ್ಕೆ ನಾನು 10 ಇಂಚಿನ ಕಡೆಗೆ ವಾಲುತ್ತೇನೆ.

ಸ್ಲೈಡಿಂಗ್ ಯಂತ್ರ ಒಳ್ಳೆಯದೇ. 8 ಇಂಚಿನ ಸ್ಲೈಡಿಂಗ್ ಸುಮಾರು 12 ಇಂಚು ಅಗಲ ಕತ್ತರಿಸುತ್ತದೆ. ಆದರೆ ನಿಮ್ಮ ದುಡ್ಡಿಗೆ ಸಿಗುವ ಸ್ಲೈಡಿಂಗ್ ಬೇಡ. ಕಂಬಿಗಳ ಮೇಲೆ ಯಂತ್ರದ ತಲೆ ಹಿಂದೆ ಮುಂದೆ ಓಡಬೇಕು, ಓಡುವಾಗ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆ ಒಳ್ಳೆಯ ಬೇರಿಂಗ್, ದಪ್ಪ ಕಂಬಿ ಬೇಕು. ಬೆಲೆ ಇಳಿಸುವವರು ಮೊದಲು ಕೈ ಹಾಕೋದು ಅಲ್ಲಿಗೇ. ಯಾವಾಗಲೋ ಒಮ್ಮೆ 8 ಇಂಚು ಅಗಲದ ಹಲಗೆ ಬಂದರೆ ಒಂದು ಕಡೆಯಿಂದ ಕತ್ತರಿಸಿ, ಹಲಗೆ ಮಗುಚಿ, ಅದೇ ಗೆರೆಗೆ ಇನ್ನೊಂದು ಕಡೆಯಿಂದ ಕತ್ತರಿಸಿ. ಆ ಕೆಲಸ ಅಷ್ಟರಲ್ಲೇ ಆಗುತ್ತದೆ.

ಇಂಚು, ವ್ಯಾಟ್, ಲೇಸರ್ ಲೈಟು, ಇವು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರೋವು. ನಿಮ್ಮ ಕೆಲಸ ನಿಂತಿರೋದು ಡಬ್ಬದ ಮೇಲೆ ಬರೆಯದ ಒಂದು ಗುಣದ ಮೇಲೆ. ಯಂತ್ರ ನೀವು ಕೊಟ್ಟ ಕೋನದಲ್ಲಿ ಗಟ್ಟಿಯಾಗಿ ನಿಲ್ಲುತ್ತಾ, ಇಲ್ವಾ? ಇದು ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕ ಹಾಕಿ ನೋಡಿ. ಒಂದು ಫ್ರೇಮಿಗೆ 4 ಮೂಲೆ, 8 ಕೊಯ್ತ. ಯಂತ್ರ 45 ಡಿಗ್ರಿ ಅಂತ ತೋರಿಸಿ 44.5ಕ್ಕೆ ಕತ್ತರಿಸಿತು ಅಂದುಕೊಳ್ಳಿ. ಬರೀ ಅರ್ಧ ಡಿಗ್ರಿ, ಕಣ್ಣಿಗೆ ಕಾಣೋದೇ ಇಲ್ಲ. ಆದರೆ 8 ಕೊಯ್ತದಲ್ಲಿ ಅದು 4 ಡಿಗ್ರಿ ಆಯಿತು. ಮೂರು ಮೂಲೆ ಬಿಗಿಯಾಗಿ ಅಂಟಿಸಿದರೆ ಆ ತಪ್ಪೆಲ್ಲ ನಾಲ್ಕನೇ ಮೂಲೆಗೆ ಬಂದು ಕೂರುತ್ತದೆ. 2 ಇಂಚು ಅಗಲದ ಪಟ್ಟಿಯಾದರೆ ಅಲ್ಲಿ ಸುಮಾರು 5 ಮಿ.ಮೀ. ಸಂದು. ಎಷ್ಟು ಫೆವಿಕಾಲ್ ಹಾಕಿ, ಎಷ್ಟು ಪುಡಿ ತುಂಬಿದರೂ ಅದು ಮುಚ್ಚೋದಿಲ್ಲ.

ಹಾಗಾಗಿ ಅಂಗಡಿಗೆ ಹೋಗುವಾಗ ಮೂರು ಸಾಮಾನು ಒಯ್ಯಿರಿ. ಒಂದು ಒಳ್ಳೆಯ ಮೂಲೆಮಟ್ಟ (90 ಡಿಗ್ರಿ ನೋಡುವ L ಆಕಾರದ ಪಟ್ಟಿ), ಒಂದು ಅಡಿ ಉದ್ದದ ಸ್ಟೀಲ್ ಪಟ್ಟಿ, ಮೂರ್ನಾಲ್ಕು ಇಂಚು ಅಗಲದ, ಅಂಚು ನೆಟ್ಟಗಿರುವ ಪೈನ್ ಹಲಗೆಯ ತುಂಡು. ಯಂತ್ರವನ್ನು ಡಬ್ಬದಿಂದ ತೆಗೆಸಿ, ಮೇಜಿನ ಮೇಲೆ ಇಡಿಸಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ಮೊದಲು ಹಿಂದಿನ ಆಸರೆ ಗೋಡೆ ನೋಡಿ. ಕಟ್ಟಿಗೆ ಆನಿಸಿ ಹಿಡಿಯುತ್ತೀವಲ್ಲ, ಬೆಳ್ಳಗಿನ ಅಲ್ಯೂಮಿನಿಯಂ ಗೋಡೆ, ಅದು. ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಇರುತ್ತದೆ. ಎರಡಕ್ಕೂ ಸೇರಿಸಿ ಸ್ಟೀಲ್ ಪಟ್ಟಿ ಹಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಬೆಳಕು ನುಸುಳಿದರೆ ಎರಡೂ ಒಂದೇ ನೇರದಲ್ಲಿಲ್ಲ ಅಂತ ಅರ್ಥ. ಬೋಲ್ಟ್ ಸಡಿಲಿಸಿ ಸರಿ ಮಾಡುವಂತಿದ್ದರೆ ಪರವಾಗಿಲ್ಲ. ಎರಕದಲ್ಲೇ ಡೊಂಕು ಬಂದಿದ್ದರೆ ಆ ಯಂತ್ರ ಅಲ್ಲೇ ಬಿಡಿ.

ಆಮೇಲೆ ಯಂತ್ರದ ಹಿಡಿಯನ್ನು ಅರ್ಧಕ್ಕೆ ಇಳಿಸಿ, ಎರಡು ಬೆರಳಿಂದ ಎಡಕ್ಕೂ ಬಲಕ್ಕೂ ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಎಂಥ ಯಂತ್ರವೂ ಬಾಗುತ್ತದೆ. ಮೆಲ್ಲಗೆ ಒತ್ತಿದಾಗಲೇ ಟಕ್ ಟಕ್ ಅಂತ ಆಡಿದರೆ ಕೀಲಿನಲ್ಲಿ ಸಡಿಲ ಇದೆ. ಆ ಸಡಿಲ ದಿನ ಕಳೆದ ಹಾಗೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆ ಆಗೋದಿಲ್ಲ. ಇನ್ನು ತಿರುಗುವ ತಟ್ಟೆ. 45ಕ್ಕೆ ತಿರುಗಿಸಿ, ಮತ್ತೆ 0ಗೆ ತನ್ನಿ. 0 ಗುರುತಿನ ಕಚ್ಚಿಗೆ ತಾನೇ ಖಟ್ ಅಂತ ಬಂದು ಕೂರಬೇಕು. ಕೂತ ಮೇಲೆ ಅಲುಗಬಾರದು. ಮೂಲೆಮಟ್ಟ ಹಚ್ಚಿ ಬ್ಲೇಡಿಗೂ ಗೋಡೆಗೂ 90 ಡಿಗ್ರಿ ಇದೆಯಾ ನೋಡಿ. ಹಲ್ಲಿಗೆ ತಾಗಿಸಬೇಡಿ, ಹಲ್ಲಿನ ತುದಿ ಬ್ಲೇಡಿನ ಮೈಗಿಂತ ಸ್ವಲ್ಪ ಹೊರಗಿರುತ್ತದೆ. ಎರಡು ಹಲ್ಲಿನ ನಡುವೆ ಬ್ಲೇಡಿನ ಮೈಗೇ ಹಚ್ಚಿ. ಈ ನೋಟವೆಲ್ಲ ಪ್ಲಗ್ ತೆಗೆದ ಮೇಲೆ.

ಕರೆಂಟ್ ಹಾಕಿ ಒಂದು ಕೊಯ್ತ ಹಾಕೋಕೆ ಅಂಗಡಿಯವರು ಒಪ್ಪಿದರೆ ಇನ್ನೂ ಚಲೋ. ಹಲಗೆಯನ್ನು ನಡುವೆ ನೇರವಾಗಿ ಕತ್ತರಿಸಿ. ಒಂದು ತುಂಡನ್ನು ಮಗುಚಿ, ಎರಡನ್ನೂ ಗೋಡೆಗೆ ಆನಿಸಿ, ಕೊಯ್ದ ಮುಖ ಕೂಡಿಸಿ. ಸಂದು ಇಲ್ಲದೆ ಕೂತರೆ 90 ಅಂದರೆ 90. ಗೋಡೆಯ ಕಡೆಯೋ ನಿಮ್ಮ ಕಡೆಯೋ ಬಾಯಿ ಬಿಟ್ಟರೆ ಯಂತ್ರದ ತಪ್ಪಿನ ಎರಡರಷ್ಟು ಅಲ್ಲಿ ಕಾಣುತ್ತಿದೆ. ಮೂಲೆಮಟ್ಟಕ್ಕೆ ಸಿಗದ ತಪ್ಪು ಇಲ್ಲಿ ಸಿಗುತ್ತದೆ. ಹೊಸ ಯಂತ್ರದಲ್ಲಿ ಸ್ವಲ್ಪ ಬಾಯಿ ಬಿಡೋದು ಸಹಜ. ಗೋಡೆಯ ಬೋಲ್ಟ್ ಸಡಿಲಿಸಿ ಸರಿಪಡಿಸಬಹುದು. ಎರಡು ಸಲ ಕತ್ತರಿಸಿದಾಗ ಎರಡು ಥರ ಬಂತು ಅಂದರೆ ಮಾತ್ರ ಅದು ಸರಿಹೋಗೋ ರೋಗ ಅಲ್ಲ.

ಲೇಸರ್ ಇದ್ದರೆ ಇರಲಿ, ಅದಕ್ಕೆ ಅಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಪೆನ್ಸಿಲ್ ಗೆರೆ ಹಾಕಿ, ನಿಂತ ಬ್ಲೇಡನ್ನು ಇಳಿಸಿ ಹಲ್ಲು ಗೆರೆಗೆ ತಾಗುತ್ತಾ ಅಂತ ನೋಡಿ ಕತ್ತರಿಸಿದರೆ ಆಯಿತು. ತಲೆ ಎರಡೂ ಕಡೆ ವಾಲುವ ಯಂತ್ರವೂ ನಿಮಗೆ ಬೇಕಿಲ್ಲ. ಒಂದು ಕಡೆ ವಾಲಿದರೆ ಸಾಕು.

ಬ್ಲೇಡಿನ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಕಡಿಮೆ ಬೆಲೆಯ ಯಂತ್ರದ ಜೊತೆ ಬರುವ ಬ್ಲೇಡ್ ಹೆಚ್ಚಾಗಿ 24 ಅಥವಾ 40 ಹಲ್ಲಿಂದು. ಬೇಗ ಕತ್ತರಿಸುತ್ತದೆ, ಆದರೆ ಕಟ್ಟಿಗೆಯ ಹಿಂದಿನ ಅಂಚು ಹರಿದು ಎಳೆ ಎಳೆ ಬರುತ್ತದೆ. ಯಂತ್ರ ಸರಿಯಿಲ್ಲ ಅಂತ ಬೈಯುವವರಲ್ಲಿ ಎಷ್ಟೋ ಜನರ ತೊಂದರೆ ಈ ಬ್ಲೇಡಿನದು. ಸಾಧಾರಣ ಯಂತ್ರ, ಒಳ್ಳೆ ಬ್ಲೇಡ್ ಹಾಕಿದರೆ ಕೊಯ್ತ ಕನ್ನಡಿಯ ಹಾಗೆ ಬರುತ್ತದೆ. ಒಳ್ಳೆ ಯಂತ್ರಕ್ಕೆ ಮೊಂಡ ಬ್ಲೇಡ್ ಹಾಕಿದರೆ ಸುಟ್ಟ ಕಲೆ ಬರುತ್ತದೆ. ಆದ್ದರಿಂದ 15 ಸಾವಿರವನ್ನೂ ಯಂತ್ರಕ್ಕೇ ಸುರಿಯಬೇಡಿ. ಫ್ರೇಮಿನ ಕೆಲಸಕ್ಕೆ 60 ಹಲ್ಲಿನ ಟಿಸಿಟಿ ಬ್ಲೇಡ್ ಒಂದನ್ನು ಅದೇ ದಿನ ತಗೊಳ್ಳಿ. ಟಿಸಿಟಿ ಅಂದರೆ ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಬೆಸೆದಿರುವುದು. ನಮ್ಮ ಕಡೆ ಇದು ಬೇಕೇ ಬೇಕು. ಯಾಕೆಂದರೆ ದಾಂಡೇಲಿ, ಹಳಿಯಾಳ ಕಡೆಯ ಸಾಗವಾನಿ ಹುಬ್ಬಳ್ಳಿ ಧಾರವಾಡದ ಕಟ್ಟಿಗೆ ಅಡ್ಡೆಗಳಿಗೆ ಬರುತ್ತದೆ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಮರಳಿನಲ್ಲಿರೋ ಪದಾರ್ಥವೇ. ಸಾದಾ ಉಕ್ಕಿನ ಹಲ್ಲನ್ನು ಅದು ಬೇಗ ಮೊಂಡ ಮಾಡುತ್ತದೆ.

ಬ್ಲೇಡ್ ಕೊಳ್ಳುವಾಗ ಹಲ್ಲಿನ ವಾಲು ನೋಡಿ. ಹಲ್ಲು ಮುಂದಕ್ಕೆ ಜಾಸ್ತಿ ವಾಲಿರುವ ಬ್ಲೇಡ್ ಟೇಬಲ್ ಸಾಗೆ, ಸರ್ಕ್ಯುಲರ್ ಸಾಗೆ ಸರಿ. ಮೈಟರ್ ಸಾದಲ್ಲಿ ಅದು ಕಟ್ಟಿಗೆಯನ್ನು ಕಚ್ಚಿ ಎಳೆಯುತ್ತದೆ, ತಲೆ ತಾನೇ ಕೆಳಗೆ ಧುಮುಕಿದ ಹಾಗೆ ಆಗುತ್ತದೆ. ನಿಮಗೆ ಬೇಕಾದ್ದು ಹಲ್ಲು ಹೆಚ್ಚುಕಡಿಮೆ ನೆಟ್ಟಗೆ ಅಥವಾ ತುಸು ಹಿಂದಕ್ಕೆ ವಾಲಿರೋದು. ಬ್ಲೇಡಿನ ಮೇಲೆ ಮೈನಸ್ 5ರಿಂದ ಪ್ಲಸ್ 5 ಡಿಗ್ರಿ ಒಳಗೆ ಬರೆದಿದ್ದರೆ ಸರಿ. ನಡುವಿನ ತೂತು ಕೂಡ ಅಳೆಯಿರಿ. 25.4 ಮಿ.ಮೀ. ಇರುತ್ತದೆ, 30 ಮಿ.ಮೀ. ಕೂಡ ಇರುತ್ತದೆ. ನಿಮ್ಮ ಯಂತ್ರದ್ದು ಯಾವುದೋ ಅದೇ ಬೇಕು. ಬ್ಲೇಡ್ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಜಾಸ್ತಿ ಇರಬೇಕು. 10 ಇಂಚಿನ ಯಂತ್ರಗಳು ನಿಮಿಷಕ್ಕೆ 5,000 ಸುತ್ತಿನ ಆಸುಪಾಸು ಓಡುತ್ತವೆ.

ಜಾಳಿಗೆ ಚೌಕಟ್ಟನ್ನು ಅಲ್ಯೂಮಿನಿಯಂನಲ್ಲಿ ಮಾಡುವ ಯೋಚನೆ ಇದ್ದರೆ ಅದಕ್ಕೆ ಬೇರೆ ಬ್ಲೇಡ್. 80ರಿಂದ 100 ಹಲ್ಲು, ಹಿಂದಕ್ಕೆ ವಾಲಿದ, ಅಲ್ಯೂಮಿನಿಯಂಗೆ ಅಂತಲೇ ಮಾಡಿದ್ದು. ಅಲ್ಯೂಮಿನಿಯಂ ಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ಬಿಗಿದೇ ಕತ್ತರಿಸಿ, ಕೈಯಲ್ಲಿ ಹಿಡಿಯಬೇಡಿ. ಚೂರು ಬಿಸಿಯಾಗಿ ಸಿಡಿಯುತ್ತದೆ, ಕನ್ನಡಕ ಇಲ್ಲದೆ ಸ್ವಿಚ್ ಒತ್ತಬೇಡಿ.

ಮೋಟಾರಿನ ವಿಷಯ ಚಿಕ್ಕದು. 1,400ರಿಂದ 1,800 ವ್ಯಾಟ್ ಒಳಗೆ ಯಾವುದಿದ್ದರೂ ನಿಮಗೆ ಸಾಕು. 1,600 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್. ಟಿವಿ, ಫ್ಯಾನ್ ಹಾಕುವ 6 ಆಂಪಿಯರ್ ಸಾಕೆಟ್‌ಗೆ ಇದು ಜಾಸ್ತಿ ಆಯಿತು. ಗೀಸರ್‌ಗೆ ಇರುತ್ತಲ್ಲ, ಆ 16 ಆಂಪಿಯರ್ ಸಾಕೆಟ್ ಮಾಳಿಗೆ ಖೋಲಿಗೆ ಹಾಕಿಸಿಕೊಳ್ಳಿ, ಅರ್ಥಿಂಗ್ ಸಮೇತ. ಕೆಳಗಿನಿಂದ ತೆಳು ವೈರಿನ ಎಕ್ಸ್‌ಟೆನ್ಷನ್ ಎಳೆದರೆ ಸ್ವಿಚ್ ಒತ್ತಿದಾಗ ಮೋಟಾರು ಮುಕ್ಕರಿಯುತ್ತದೆ, ಬಿಸಿಯಾಗುತ್ತದೆ. ಎಳೆಯಲೇಬೇಕಾದರೆ ಕನಿಷ್ಠ 1.5 ಚದರ ಮಿ.ಮೀ. ತಾಮ್ರದ ವೈರು ಇರಲಿ. ಇನ್ನು ಕಾರ್ಬನ್ ಬ್ರಷ್. ಇದು ಮೋಟಾರಿನೊಳಗೆ ಕರೆಂಟ್ ದಾಟಿಸುವ, ಸವೆಯುವ ಭಾಗ. ಮೋಟಾರಿನ ಎರಡೂ ಬದಿಗೆ ತಿರುಪಿನ ಮುಚ್ಚಳ ಇದ್ದರೆ ನೀವೇ ಬದಲಿಸಬಹುದು. ಆ ಮಾಡೆಲ್ಲಿನ ಕಾರ್ಬನ್, ಸ್ವಿಚ್ ಊರಲ್ಲಿ ಸಿಗುತ್ತಾ ಅಂತ ದುಡ್ಡು ಕೊಡುವ ಮೊದಲು ಕೇಳಿ. ಆನ್‌ಲೈನ್‌ನಲ್ಲಿ ಒಂದು ಸಾವಿರ ಕಡಿಮೆಗೆ ಸಿಗುವ ಹೆಸರಿಲ್ಲದ ಯಂತ್ರಕ್ಕೆ 40 ರೂಪಾಯಿಯ ಕಾರ್ಬನ್ ಸಿಗದೆ ಮೂಲೆ ಸೇರಿಸಿದವರನ್ನು ನೋಡಿದ್ದೇನೆ.

ಬಾಷ್, ಮಕಿಟಾ, ಡಿವಾಲ್ಟ್‌ನ 10 ಇಂಚಿನ ಯಂತ್ರಗಳು ನಿಮ್ಮ 15 ಸಾವಿರ ಮೀರಬಹುದು. ಅವುಗಳಿಗೋಸ್ಕರ ಸಾಲ ಮಾಡಬೇಡಿ. ಯಂತ್ರಕ್ಕೆ 11, 12 ಸಾವಿರ ಇಟ್ಟುಕೊಳ್ಳಿ. ಉಳಿದದ್ದು 60 ಹಲ್ಲಿನ ಬ್ಲೇಡ್, ಮೂಲೆಮಟ್ಟ, ಎರಡು ಕ್ಲ್ಯಾಂಪ್, ಕಣ್ಣು ಕಿವಿಯ ರಕ್ಷಣೆಗೆ. ಒಳ್ಳೆ ಕಂಪನಿಯದೇ ಬೇಕು ಅಂದರೆ ಹಳೆಯದೂ ಒಂದು ದಾರಿ. ಅಂಗಡಿ ಮುಚ್ಚುವ ಅಲ್ಯೂಮಿನಿಯಂ ಕೆಲಸದವರು ಮಾರುತ್ತಿರುತ್ತಾರೆ. ಅವರ ಯಂತ್ರ ದಿನವಿಡೀ ದುಡಿದಿರುತ್ತದೆ, ಹಾಗಾಗಿ ಮೇಲೆ ಹೇಳಿದ ಪರೀಕ್ಷೆ ಎಲ್ಲ ಮಾಡಿ. ಜೊತೆಗೆ ಬ್ಲೇಡ್ ತೆಗೆಸಿ, ಬ್ಲೇಡ್ ಕೂರುವ ದಂಡ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಅಲುಗಿದರೆ ಬೇರಿಂಗ್ ಹೋಗಿದೆ. ಕೆಳಗಿನ ಪಾರದರ್ಶಕ ಮುಚ್ಚಳವನ್ನು ತಂತಿ ಕಟ್ಟಿ ಮೇಲಕ್ಕೆ ಎತ್ತಿಟ್ಟಿದ್ದರೆ, ಅಥವಾ ಕಿತ್ತೇ ಹಾಕಿದ್ದರೆ, ಅದನ್ನು ಹೊಸದಾಗಿ ಹಾಕಿಸುವ ತನಕ ಬಳಸಲೇಬೇಡಿ.

ಇನ್ನೊಂದು ಮಾತು ಕೇಳಿ. ವರ್ಷಕ್ಕೆ ಮೂರ್ನಾಲ್ಕು ಫ್ರೇಮ್ ಅಷ್ಟೇ ಮಾಡೋದು ಅಂತಾದರೆ ಈ ಯಂತ್ರವೇ ಬೇಡ. ಕೈಗರಗಸ ಕೂರಿಸಿ 45 ಡಿಗ್ರಿಗೆ ಕೊಯ್ಯುವ ಮೈಟರ್ ಬಾಕ್ಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸದ್ದಿಲ್ಲ, ಧೂಳು ಕಡಿಮೆ, ಬೆರಳಿಗೂ ಅಪಾಯ ಕಡಿಮೆ. ನಿಮ್ಮ ಪಟ್ಟಿಯಲ್ಲಿ ಜಾಳಿಗೆ ಚೌಕಟ್ಟು, ಸ್ಟ್ಯಾಂಡ್ ಎಲ್ಲ ಇರೋದರಿಂದ ಯಂತ್ರ ಸಾರ್ಥಕ ಆಗುತ್ತೆ ಅಂತ ನನಗೆ ಅನಿಸುತ್ತದೆ.

ಖೋಲಿಯ ಬಗ್ಗೆ. ಮೈಟರ್ ಸಾ ಧೂಳನ್ನು ಎಲ್ಲ ಕಡೆ ಎರಚುತ್ತದೆ, ಹಿಂದಿನ ಚೀಲಕ್ಕೆ ಹೋಗೋದು ಸ್ವಲ್ಪ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕಟ್ಟಿಗೆ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಯಂತ್ರವನ್ನು ಬಾಗಿಲ ಹತ್ತಿರ ಇಡಿ, ಆದಷ್ಟು ಮಾಳಿಗೆಯ ಬಯಲಲ್ಲೇ ಕತ್ತರಿಸಿ. ಸದ್ದು 100 ಡೆಸಿಬೆಲ್ ಹತ್ತಿರ ಹೋಗುತ್ತದೆ. ಕಿವಿಗೆ ಮಫ್ ಬೇಕು, ಮಧ್ಯಾಹ್ನ ಮಲಗುವ ನೆರೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಸೀರೆ ಉಟ್ಟು ಈ ಕೆಲಸ ಬೇಡ. ಸೆರಗು, ದುಪಟ್ಟಾ, ಇಳಿಬಿಟ್ಟ ಜಡೆ, ಸಡಿಲ ತೋಳು, ಬಳೆ ಯಾವುದೂ ತಿರುಗುವ ಬ್ಲೇಡಿನ ಹತ್ತಿರ ಬರಬಾರದು. ಕೈಗವಸು ಕೂಡ ಹಾಕಬೇಡಿ, ಬಟ್ಟೆ ಸಿಕ್ಕಿದರೆ ಬ್ಲೇಡ್ ಕೈಯನ್ನೇ ಎಳೆದುಕೊಳ್ಳುತ್ತದೆ. ಬ್ಲೇಡಿನಿಂದ ಬೆರಳು ಒಂದು ಗೇಣಿನಷ್ಟು ದೂರ ಇರಲಿ. ಅದಕ್ಕಿಂತ ಗಿಡ್ಡ ತುಂಡಾದರೆ ಕ್ಲ್ಯಾಂಪ್ ಹಾಕಿ. ಸ್ವಿಚ್ ಒತ್ತಿ, ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ. ಕತ್ತರಿಸಿ ಆದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಎತ್ತಿ. ಓಡುವ ಬ್ಲೇಡನ್ನು ಎತ್ತಿದರೆ ಕತ್ತರಿಸಿ ಬಿದ್ದ ಚಿಕ್ಕ ತುಂಡು ಗುಂಡಿನ ಹಾಗೆ ಹಾರುತ್ತದೆ.

ಯಂತ್ರ ಬಂದ ಮೇಲೆ ಮೊದಲ ಫ್ರೇಮಿಗೆ ಸಾಗವಾನಿ ತರಬೇಡಿ, ಪೈನ್ ಪಟ್ಟಿ ಸಾಕು. ಎದುರುಬದುರಿನ ಎರಡು ಪಟ್ಟಿ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲದೆ ಬರಬೇಕು. ಕೋನ ಎಷ್ಟೇ ಸರಿ ಇದ್ದರೂ ಉದ್ದ ಹೆಚ್ಚುಕಡಿಮೆ ಆದರೆ ಮೂಲೆ ಕೂಡೋದಿಲ್ಲ. ಟೇಪು ಹಿಡಿದು ಎರಡು ಸಲ ಅಳೆಯಬೇಡಿ. ಯಂತ್ರದ ಆಸರೆ ಗೋಡೆಗೆ ಒಂದು ಕಟ್ಟಿಗೆ ತುಂಡನ್ನು ಕ್ಲ್ಯಾಂಪ್ ಮಾಡಿ, ಎರಡೂ ಪಟ್ಟಿಯ ತುದಿಯನ್ನು ಅದಕ್ಕೇ ತಾಗಿಸಿ ಕತ್ತರಿಸಿ. ತಾಗುವ ಜಾಗದಲ್ಲಿ ಪುಡಿ ಕೂತರೆ ಅಷ್ಟರಮಟ್ಟಿಗೆ ಗಿಡ್ಡ ಆಗುತ್ತದೆ, ಪ್ರತಿ ಸಲ ಒರೆಸಿ. ಪ್ರತಿ ಪಟ್ಟಿಯ ಒಂದು ತುದಿಗೆ ಎಡ 45, ಇನ್ನೊಂದು ತುದಿಗೆ ಬಲ 45 ಬಳಸಿ. ಗೋಡೆ ತುಸು ವಾಲಿದ್ದರೆ ಒಂದು ಕಡೆ ಹೆಚ್ಚಾದದ್ದು ಇನ್ನೊಂದು ಕಡೆ ಕಡಿಮೆ ಆಗಿ ಮೂಲೆ 90ಕ್ಕೆ ಬರುತ್ತದೆ.

ನಾಲ್ಕೂ ಪಟ್ಟಿ ಅಂಟಿಲ್ಲದೆ ಕೂಡಿಸಿ, ಸುತ್ತ ದಾರ ಬಿಗಿದು ನೋಡಿ. ಮೂಲೆ ಒಳಗಡೆ ಬಾಯಿ ಬಿಟ್ಟರೆ ಯಂತ್ರ 45ಕ್ಕಿಂತ ಜಾಸ್ತಿ ತಿರುಗಿ ಕತ್ತರಿಸಿದೆ. ಹೊರಗಡೆ ಬಿಟ್ಟರೆ ಕಡಿಮೆ. ಅದಕ್ಕೆ ತಕ್ಕ ಹಾಗೆ ಸರಿಪಡಿಸಿ. ಆದರೆ ಇಲ್ಲಿ ನಮ್ಮ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಧಾರವಾಡ ಕಡೆಯ ಮಳೆಗಾಲದ ತೇವದಲ್ಲಿ ಕಟ್ಟಿಗೆ ಅಗಲಕ್ಕೆ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಸೊರಗುತ್ತದೆ. ಉದ್ದ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಗಲ ಮಾತ್ರ ಕಡಿಮೆ ಆದಾಗ 45 ಡಿಗ್ರಿ ಮೂಲೆ ಒಳಗಡೆ ತೆರೆದುಕೊಳ್ಳುತ್ತದೆ. ಜುಲೈನಲ್ಲಿ ಬಿಗಿಯಾಗಿದ್ದ ಫ್ರೇಮು ಬೇಸಿಗೆಯಲ್ಲಿ ಒಳಮೂಲೆಯಲ್ಲಿ ಸಂದು ತೋರಿಸಿದರೆ ಯಂತ್ರದ ಕೋನ ಬದಲಿಸೋಕೆ ಹೋಗಬೇಡಿ. ಅಡ್ಡೆಯಿಂದ ತಂದ ಪಟ್ಟಿಯನ್ನು ಮೂರ್ನಾಲ್ಕು ವಾರ ಅದೇ ಖೋಲಿಯಲ್ಲಿ, ನಡುವೆ ಚಿಕ್ಕ ರೀಪು ಕೊಟ್ಟು ಪೇರಿಸಿಡಿ. ಆಮೇಲೆ ಕತ್ತರಿಸಿ.